ಮನೆಯೊಳಗಿನ ಭಯದ ಕಥೆಗಳು: ಕೌಟುಂಬಿಕ ಸಸ್ಪೆನ್ಸ್ ಕಾದಂಬರಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಕೌಟುಂಬಿಕ ಸಸ್ಪೆನ್ಸ್ ಕಾದಂಬರಿಗಳ ಬೆನ್ನುಡಿಗಳನ್ನು ಸಾಲಾಗಿ ಓದುತ್ತಾ ಹೋದರೆ ಎಲ್ಲವೂ ಒಂದೇ ಪುಸ್ತಕದ ಬೆನ್ನುಡಿಗಳಂತೆ ತೋರುತ್ತವೆ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಸಂಸಾರ, ಒಳಗೆ ಯಾರೋ ಮುಚ್ಚಿಟ್ಟ ಗುಟ್ಟು, ಒಂದು ಸಾವು ಇಲ್ಲವೇ ಒಂದು ಕಣ್ಮರೆ, ಕೊನೆಯಲ್ಲಿ ಯಾರೂ ಊಹಿಸದ ತಿರುವು. ಇಷ್ಟನ್ನೇ ನಂಬಿ ಪುಸ್ತಕ ಆರಿಸಿಕೊಂಡವರಿಗೆ ಒಂದು ಕಾದಂಬರಿ ರಾತ್ರಿಯಿಡೀ ನಿದ್ದೆಗೆಡಿಸಿದರೆ, ಅದೇ ಮಾತುಗಳಲ್ಲಿ ಹೊಗಳಿಸಿಕೊಂಡ ಇನ್ನೊಂದು ಐವತ್ತು ಪುಟ ದಾಟುವಷ್ಟರಲ್ಲಿ ಬೇಸರ ಹುಟ್ಟಿಸುತ್ತದೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಕಥಾವಸ್ತುವಿನಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಆ ಮನೆಯಲ್ಲಿ ಯಾರಿಗೆ ಏನು ಗೊತ್ತಿದೆ, ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಓದುಗರನ್ನು ಮನೆಯವರಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲಿಸಲಾಗಿದೆಯೋ ಹಿಂದೆ ನಿಲ್ಲಿಸಲಾಗಿದೆಯೋ ಎಂಬ ಪ್ರಶ್ನೆಗಳನ್ನು ಕೇಳಿಕೊಂಡರೆ ಪುಸ್ತಕಗಳು ತಾವಾಗಿಯೇ ಬೇರೆಬೇರೆಯಾಗಿ ಕಾಣತೊಡಗುತ್ತವೆ. ಇಲ್ಲಿ ಕೆಲವು ಕಾದಂಬರಿಗಳನ್ನು ಈ ಅಳತೆಗೋಲಿನಿಂದಲೇ ಹೋಲಿಸಿದ್ದೇನೆ. ಯಾವುದರ ಅಂತ್ಯವನ್ನೂ ಬಿಟ್ಟುಕೊಟ್ಟಿಲ್ಲ.

ಪತ್ತೇದಾರಿ ಕಾದಂಬರಿಯಲ್ಲಿ ಅಪರಾಧ ನಡೆದ ಮನೆಗೆ ಹೊರಗಿನಿಂದ ಒಬ್ಬರು ಬರುತ್ತಾರೆ. ಅವರಿಗೆ ಆ ಮನೆಯ ಋಣವಿಲ್ಲ, ನಿಜ ಹೊರಬಿದ್ದರೆ ಕಳೆದುಕೊಳ್ಳುವುದೂ ಏನಿಲ್ಲ. ಕೌಟುಂಬಿಕ ಸಸ್ಪೆನ್ಸ್‌ನಲ್ಲಿ ಸಂಶಯಪಡುವವರೂ ಸಂಶಯಕ್ಕೆ ಗುರಿಯಾದವರೂ ಒಂದೇ ಸೂರಿನಡಿ ಮಲಗುತ್ತಾರೆ, ಮತ್ತು ನಿಜವನ್ನು ತಿಳಿದುಕೊಳ್ಳುವುದೆಂದರೆ ಸಂಸಾರವನ್ನು ಕೈಯಾರೆ ಒಡೆಯುವುದು ಎಂಬ ಅರಿವು ಅವರಿಗಿರುತ್ತದೆ. ಬೇಲಿಯೇ ಹೊಲ ಮೇಯ್ದರೆ, ತಾಯ ಹಾಲೇ ನಂಜಾದರೆ ಯಾರಿಗೆ ದೂರುವುದು ಎಂದು ಬಸವಣ್ಣ ಕೇಳಿದ ಪ್ರಶ್ನೆಯೇ ಈ ಪ್ರಕಾರದ ಹೃದಯದಲ್ಲಿದೆ. ಇದು ಇತ್ತೀಚಿನ ಫ್ಯಾಷನ್ ಎಂದು ಭಾವಿಸುವವರು ಗಮನಿಸಬೇಕು: ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ 1859–60ರಲ್ಲಿ ಧಾರಾವಾಹಿಯಾಗಿ ಬಂತು, ಮೇರಿ ಎಲಿಜಬೆತ್ ಬ್ರಾಡನ್‌ಳ ‘ಲೇಡಿ ಆಡ್ಲೀಸ್ ಸೀಕ್ರೆಟ್’ 1862ರಲ್ಲಿ ಬಂತು. ಅಮೆರಿಕದಲ್ಲಿ 1940 ಮತ್ತು 50ರ ದಶಕಗಳಲ್ಲಿ ಹಲವು ಲೇಖಕಿಯರು ಇದನ್ನು ಇನ್ನಷ್ಟು ಹರಿತಗೊಳಿಸಿದರು. ಆಮೇಲೆ ಮರೆತುಹೋಗಿದ್ದ ಅವರ ಎಂಟು ಕಾದಂಬರಿಗಳನ್ನು ಸಾರಾ ವೈನ್‌ಮನ್ ಸಂಪಾದಕತ್ವದಲ್ಲಿ ಲೈಬ್ರರಿ ಆಫ್ ಅಮೆರಿಕ ಸಂಸ್ಥೆ 2015ರಲ್ಲಿ ಎರಡು ಸಂಪುಟಗಳಾಗಿ ಮತ್ತೆ ಹೊರತಂದಿತು. ಹೀಗಾಗಿ ಆಯ್ಕೆ ಮಾಡುವಾಗ ಈಚಿನ ಹತ್ತು ವರ್ಷಗಳ ಪುಸ್ತಕಗಳಿಗಷ್ಟೇ ಕಟ್ಟುಬೀಳಬೇಕಾಗಿಲ್ಲ.

ಆಗುವುದನ್ನು ಮೊದಲೇ ಹೇಳುವ ಕಾದಂಬರಿಗಳು

ಓದುಗರನ್ನು ಮನೆಯವರಿಗಿಂತ ಮುಂದೆ ನಿಲ್ಲಿಸುವ ಕಾದಂಬರಿಗಳಲ್ಲಿ ನನ್ನ ಮೊದಲ ಆಯ್ಕೆ ರೂತ್ ರೆಂಡೆಲ್‌ಳ ‘ಎ ಜಡ್ಜ್‌ಮೆಂಟ್ ಇನ್ ಸ್ಟೋನ್’. 1977ರ ಈ ಕಾದಂಬರಿಯ ಮೊದಲ ವಾಕ್ಯವೇ ಕೊಂದವಳ ಹೆಸರು, ಸತ್ತ ಕುಟುಂಬದ ಹೆಸರು ಮತ್ತು ಕೊಲೆಯ ಕಾರಣ ಮೂರನ್ನೂ ಹೇಳಿಬಿಡುತ್ತದೆ: ಮನೆಗೆಲಸದವಳಾದ ಯೂನಿಸ್ ಪಾರ್ಚ್‌ಮನ್‌ಗೆ ಓದು ಬರಹ ಬರುತ್ತಿರಲಿಲ್ಲ. ಇನ್ನು ಕುತೂಹಲಕ್ಕೆ ಉಳಿದದ್ದೇನು ಎಂದು ಕೇಳುವವರು ಮುಂದಿನ ಇಪ್ಪತ್ತು ಪುಟ ಓದಬೇಕು. ಮನೆಯೊಡತಿ ಬರೆದಿಟ್ಟು ಹೋದ ಒಂದು ಮಾಮೂಲಿ ಚೀಟಿ ಯೂನಿಸ್‌ಗೆ ಬೆದರಿಕೆಯಾಗುತ್ತದೆ. ಮನೆಯವರು ತೋರಿಸುವ ಒಂದೊಂದು ಕರುಣೆಯೂ ಅವಳ ಗುಟ್ಟಿನ ಹತ್ತಿರ ಒಂದೊಂದು ಹೆಜ್ಜೆ ಬರುತ್ತದೆ. ಆ ಕುಟುಂಬ ಕೆಟ್ಟದ್ದಲ್ಲ, ಆದರೆ ಅಕ್ಷರ ಬಲ್ಲವರ ಆತ್ಮವಿಶ್ವಾಸದಲ್ಲಿ ಎದುರಿಗಿದ್ದವಳನ್ನು ನೋಡಲೇ ಇಲ್ಲ. ತಾವು ತಪ್ಪಿಸಲಾಗದ ಅನಾಹುತದ ಕಡೆಗೆ ಒಳ್ಳೆಯವರು ನಗುನಗುತ್ತಾ ನಡೆಯುವುದನ್ನು ನೋಡುವ ಸಂಕಟ ನಿಮಗೆ ಸಹ್ಯವಾದರೆ ಇಲ್ಲಿಂದಲೇ ಆರಂಭಿಸಬಹುದು.

ಲೈಲಾ ಸ್ಲಿಮಾನಿಯ ‘ಲಲ್ಲಬೈ’ ಸಹ ಇದೇ ದಾರಿ ಹಿಡಿಯುತ್ತದೆ. ಫ್ರೆಂಚ್‌ನಲ್ಲಿ 2016ರಲ್ಲಿ ಪ್ರಕಟವಾಗಿ ಅದೇ ವರ್ಷ ಫ್ರಾನ್ಸಿನ ಪ್ರತಿಷ್ಠಿತ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ ಪಡೆದ ಈ ಕಾದಂಬರಿ ಮಗುವೊಂದರ ಸಾವಿನಿಂದ ಶುರುವಾಗಿ, ಮಕ್ಕಳನ್ನು ನೋಡಿಕೊಳ್ಳಲು ಬಂದ ದಾದಿ ಆ ಮನೆಗೆ ಹೇಗೆ ಅನಿವಾರ್ಯಳಾದಳು ಎಂಬುದನ್ನು ಹಿಂದಕ್ಕೆ ಹೋಗಿ ಹೇಳುತ್ತದೆ. ಇದರ ಒಂದು ಪ್ರಸಂಗ ಸಾಕು, ಲೇಖಕಿಯ ಶಕ್ತಿ ತಿಳಿಯಲು. ಅವಧಿ ಮೀರಿದ್ದೆಂದು ಯಜಮಾನಿ ಎಸೆದ ಕೋಳಿ ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ: ಒಂದು ಚೂರು ಮಾಂಸವೂ ಉಳಿಯದಂತೆ ಕೆರೆದು, ತೊಳೆದು ಬೆಳ್ಳಗೆ ಹೊಳೆಯುತ್ತಿರುವ ಎಲುಬಿನ ಗೂಡಾಗಿ. ಯಾರೂ ಯಾರಿಗೂ ಬೆದರಿಕೆ ಹಾಕಿಲ್ಲ, ಆದರೂ ಆ ಪುಟದ ನಂತರ ಮನೆ ಮೊದಲಿನಂತಿರುವುದಿಲ್ಲ. ರೆಂಡೆಲ್ ಕಾರಣವನ್ನು ಮೊದಲೇ ಹೇಳಿ ಅದನ್ನು ಸಾಬೀತು ಮಾಡುತ್ತಾ ಹೋದರೆ, ಸ್ಲಿಮಾನಿ ಕಾರಣದ ಸುತ್ತ ಸುತ್ತಿಸಿ ಅದನ್ನು ಕೈಗೆ ಕೊಡದೇ ಬಿಡುತ್ತಾಳೆ. ‘ಏಕೆ’ ಎಂಬುದಕ್ಕೆ ಸ್ಪಷ್ಟ ಉತ್ತರ ಬೇಕೆನ್ನುವವರು ರೆಂಡೆಲ್‌ಳನ್ನೇ ಓದಲಿ. ಇನ್ನು ಚಿಕ್ಕ ಮಕ್ಕಳನ್ನು ಬೇರೆಯವರ ಕೈಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುವ ತಾಯಂದಿರಿಗೆ ‘ಲಲ್ಲಬೈ’ಯನ್ನು ನಾನು ಸುಲಭವಾಗಿ ಶಿಫಾರಸು ಮಾಡಲಾರೆ. ಪುಸ್ತಕ ಚಿಕ್ಕದು, ಅದು ಬಿಟ್ಟುಹೋಗುವ ಕಳವಳ ಚಿಕ್ಕದಲ್ಲ.

ಸೆಲೆಸ್ಟ್ ಇಂಗ್‌ಳ ‘ಎವ್ರಿಥಿಂಗ್ ಐ ನೆವರ್ ಟೋಲ್ಡ್ ಯು’ (2014) ಇವೆರಡಕ್ಕಿಂತ ಮೃದುವಾದ ಪುಸ್ತಕ. ಮಗಳು ಲಿಡಿಯಾ ಸತ್ತಿದ್ದಾಳೆ, ಮನೆಯವರಿಗೆ ಮಾತ್ರ ಇನ್ನೂ ಗೊತ್ತಿಲ್ಲ ಎಂಬಲ್ಲಿಂದ ಅದು ಶುರುವಾಗುತ್ತದೆ. 1977ರ ಓಹಾಯೊ, ಚೀನೀ ಮೂಲದ ತಂದೆ, ತಾನು ಡಾಕ್ಟರಾಗಲಿಲ್ಲ ಎಂಬ ಕೊರಗನ್ನು ಮಗಳ ಮೇಲೆ ಹೇರಿದ ತಾಯಿ. ಸಸ್ಪೆನ್ಸ್ ಎಂಬುದು ಇಲ್ಲಿ ನೆಪಮಾತ್ರ. ನಿಜವಾಗಿ ಇದು ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಉಸಿರುಗಟ್ಟಿಸಿದ ಕುಟುಂಬದ ಕಥೆ. ರಕ್ತ, ಬೆನ್ನಟ್ಟುವಿಕೆ ಬೇಡ, ಆದರೆ ಆ ಹುಡುಗಿಗೆ ಏನಾಯಿತು ಎಂಬ ಒಂದು ಎಳೆ ಕೈಹಿಡಿದು ನಡೆಸಬೇಕು ಎನ್ನುವವರಿಗೆ ಇದು ಸರಿಹೊಂದುತ್ತದೆ.

ನಂಬಿಸಿ ಕೈಬಿಡುವ ನಿರೂಪಕರು

ಓದುಗರನ್ನು ಹಿಂದೆ ನಿಲ್ಲಿಸುವ ಪುಸ್ತಕಗಳದೇ ಇನ್ನೊಂದು ಗುಂಪು, ಮತ್ತು ಅಂಗಡಿಗಳ ಕಪಾಟುಗಳಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ಗಿಲಿಯನ್ ಫ್ಲಿನ್‌ಳ ‘ಗಾನ್ ಗರ್ಲ್’ 2012ರಲ್ಲಿ ಬಂದ ಮೇಲೆ ಈ ಬಗೆಗೆ ಹೊಸ ಮಾರುಕಟ್ಟೆಯೇ ತೆರೆದುಕೊಂಡಿತು. ಐದನೆಯ ವಿವಾಹ ವಾರ್ಷಿಕೋತ್ಸವದ ದಿನ ಹೆಂಡತಿ ಕಾಣೆಯಾಗುತ್ತಾಳೆ. ಒಂದು ಅಧ್ಯಾಯದಲ್ಲಿ ಗಂಡ ಅಂದಿನಿಂದ ಮುಂದಕ್ಕೆ ಹೇಳುತ್ತಾ ಹೋಗುತ್ತಾನೆ, ಮುಂದಿನ ಅಧ್ಯಾಯದಲ್ಲಿ ಹೆಂಡತಿಯ ದಿನಚರಿ ಅವರ ಮೊದಲ ಭೇಟಿಯಿಂದ ಇತ್ತಕಡೆ ಬರುತ್ತದೆ. ಒಂದೇ ದಾಂಪತ್ಯದ ಎರಡು ಲೆಕ್ಕಗಳು ತಾಳೆಯಾಗುವುದಿಲ್ಲ ಎಂಬುದು ಬಲು ಬೇಗ ತಿಳಿಯುತ್ತದೆ, ಆದರೆ ಯಾರ ಲೆಕ್ಕ ಸುಳ್ಳು ಎಂಬುದು ತಿಳಿಯುವುದಿಲ್ಲ. ಪಾಲಾ ಹಾಕಿನ್ಸ್‌ಳ ‘ದಿ ಗರ್ಲ್ ಆನ್ ದಿ ಟ್ರೇನ್’ (2015) ಕಥೆಯನ್ನು ಮೂವರು ಹೆಂಗಸರಿಗೆ ಹಂಚಿಕೊಡುತ್ತದೆ. ಅವರಲ್ಲಿ ಮುಖ್ಯಳಾದ ರೇಚಲ್ ವಿಪರೀತ ಕುಡಿಯುವವಳು. ಆ ಒಂದು ರಾತ್ರಿ ತಾನೇನು ನೋಡಿದೆ, ತಾನೇನು ಮಾಡಿದೆ ಎಂಬುದು ಅವಳಿಗೇ ನೆನಪಿಲ್ಲ.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ, ಆದರೆ ಓದುಗರಿಂದ ಅವು ಕೇಳುವುದು ಬೇರೆಬೇರೆ. ಸುಳ್ಳು ಹೇಳುವ ನಿರೂಪಕರ ಜೊತೆಗಿನ ಓದು ಚದುರಂಗವಾದರೆ, ನೆನಪಿಲ್ಲದ ನಿರೂಪಕಿಯ ಜೊತೆಗಿನ ಓದಿನಲ್ಲಿ ಅನುಕಂಪ ಬೇಕು. ಸಂಗಾತಿಯ ಜಾಣತನ, ಮಾತಿನ ವರಸೆ, ಕಹಿಯಾದ ಹಾಸ್ಯ ಬೇಕಾದವರಿಗೆ ಫ್ಲಿನ್ ಸರಿ. ತನ್ನ ಮಾತನ್ನು ಯಾರೂ ನಂಬದ, ತನ್ನನ್ನು ತಾನೇ ನಂಬಲಾಗದ ಹೆಣ್ಣಿನ ಪಾಡು ತಟ್ಟುವವರಿಗೆ ಹಾಕಿನ್ಸ್ ಸರಿ. ಬರವಣಿಗೆಯ ಹದದಲ್ಲಿ ‘ಗಾನ್ ಗರ್ಲ್’ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ: ನಡುವೆ ನೆಲ ಅಲುಗಿದ ನಂತರವೂ ಇನ್ನರ್ಧ ಪುಸ್ತಕವನ್ನು ಎತ್ತಿಹಿಡಿಯುವ ಬಲ ಅದಕ್ಕಿದೆ, ಮತ್ತು ಎರಡನೆಯ ಸಲ ಓದಿದಾಗ ಮೊದಲ ಭಾಗದ ಪ್ರತಿ ವಾಕ್ಯವೂ ಬೇರೆ ಅರ್ಥ ಕೊಡುತ್ತದೆ. ತಿರುವಿಗಾಗಿಯೇ ಕಟ್ಟಿದ ಅನೇಕ ಕಾದಂಬರಿಗಳು ಎರಡನೆಯ ಓದಿಗೆ ನಿಲ್ಲುವುದಿಲ್ಲ.

ಇಲ್ಲಿ ಒಂದು ಪ್ರಾಯೋಗಿಕ ಮಾತು. ಇಂಥ ಪುಸ್ತಕಗಳ ಬಗ್ಗೆ ಓದುವ ಮೊದಲೇ ಏನನ್ನೂ ತಿಳಿದುಕೊಳ್ಳಬಾರದು. ಸಿನಿಮಾ ನೋಡಿಯಾಗಿದ್ದರೆ ಪುಸ್ತಕದ ಅರ್ಧ ಬಲ ಹೋಯಿತೆಂದೇ ತಿಳಿಯಬೇಕು. ಮೇಲಿನ ಗುಂಪಿನ ಪುಸ್ತಕಗಳಿಗೆ ಈ ಭಯವಿಲ್ಲ, ಏಕೆಂದರೆ ಅವು ತಾವೇ ಎಲ್ಲವನ್ನೂ ಮೊದಲ ಪುಟದಲ್ಲಿ ಹೇಳಿಬಿಟ್ಟಿವೆ. ಯಾರಾದರೂ ನಿಮಗೆ ಕಥೆ ಹೇಳಿಯಾಗಿದ್ದರೆ ಆ ಗುಂಪಿಗೇ ಹೋಗುವುದು ಲೇಸು.

ಬಿ. ಎ. ಪ್ಯಾರಿಸ್‌ಳ ‘ಬಿಹೈಂಡ್ ಕ್ಲೋಸ್ಡ್ ಡೋರ್ಸ್’ (2016) ಈ ಎರಡು ಗುಂಪುಗಳ ನಡುವೆ ನಿಲ್ಲುತ್ತದೆ. ಗಂಡ ಎಂಥವನು ಎಂಬುದು ಬೇಗನೆ ಗೊತ್ತಾಗುತ್ತದೆ. ಹೆಂಡತಿ ಹೇಗೆ ಹೊರಬರುತ್ತಾಳೆ ಎಂಬುದಷ್ಟೇ ಪ್ರಶ್ನೆ. ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು, ಮತ್ತೆ ಕೈಗೆತ್ತಿಕೊಳ್ಳಬೇಕೆನಿಸುವುದಿಲ್ಲ.

ಹೆತ್ತವರು ಮತ್ತು ಮಕ್ಕಳು

ಗಂಡ ಹೆಂಡಿರ ನಡುವಿನ ಕೇಡಿಗೆ ಬಿಡುಗಡೆಯ ದಾರಿಯೊಂದು ತಾತ್ತ್ವಿಕವಾಗಿಯಾದರೂ ಇದೆ. ಮಗನನ್ನೋ ಮಗಳನ್ನೋ ಸಂಶಯಿಸತೊಡಗಿದ ಹೆತ್ತವರಿಗೆ ಅದೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವು ಹಗುರಾಗಿ ಆಡುತ್ತೇವೆ; ಈ ಕಾದಂಬರಿಗಳು ಅದರ ಭಾರವನ್ನು ಪೂರ್ತಿ ಹೊತ್ತಿವೆ. ಈ ಪ್ರಕಾರದ ಅತ್ಯುತ್ತಮ ಬರವಣಿಗೆ ಇಲ್ಲಿಯೇ ಇದೆ ಎಂದು ನಂಬಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲಯೊನೆಲ್ ಶ್ರೈವರ್‌ಳ ‘ವಿ ನೀಡ್ ಟು ಟಾಕ್ ಅಬೌಟ್ ಕೆವಿನ್’ (2003) ಮತ್ತು ಆ್ಯಶ್ಲಿ ಆಡ್ರೇನ್‌ಳ ‘ದಿ ಪುಶ್’ (2021) ಎರಡೂ ಒಂದೇ ಪ್ರಶ್ನೆಯ ಸುತ್ತ ಹುಟ್ಟಿದವು: ತಾಯಿಗೆ ತನ್ನ ಮಗುವಿನಲ್ಲಿ ಏನೋ ಸರಿಯಿಲ್ಲ ಎನ್ನಿಸುತ್ತದೆ, ಗಂಡನಿಗೆ ಹಾಗೆ ಕಾಣುವುದಿಲ್ಲ. ಎರಡರಲ್ಲೂ ತಾಯಿ ಗಂಡನನ್ನು ಉದ್ದೇಶಿಸಿಯೇ ಮಾತಾಡುತ್ತಾಳೆ. ಆದರೆ ಮಾತಾಡುವ ರೀತಿ ಬೇರೆ. ಶ್ರೈವರ್‌ಳ ಈವಾ, ಮಗ ಶಾಲೆಯಲ್ಲಿ ಹತ್ಯಾಕಾಂಡ ನಡೆಸಿ ಜೈಲು ಸೇರಿದ ಮೇಲೆ, ಗಂಡ ಫ್ರಾಂಕ್ಲಿನ್‌ಗೆ ದೀರ್ಘ ಪತ್ರಗಳನ್ನು ಬರೆಯುತ್ತಾಳೆ. ಅವಳು ಬಹಳ ಓದಿಕೊಂಡವಳು, ಬಿಗುಮಾನದವಳು, ತನಗೆ ಮಗು ಬೇಕಾಗಿರಲಿಲ್ಲವೇನೋ ಎಂಬುದನ್ನೂ ಮುಚ್ಚಿಡದವಳು. ಮಗ ಹುಟ್ಟಿನಿಂದಲೇ ಹಾಗಿದ್ದನೇ, ತಾಯಿಯ ತಣ್ಣನೆಯ ಮನಸ್ಸು ಅವನನ್ನು ಹಾಗೆ ಮಾಡಿತೇ, ಇಲ್ಲವೇ ಈಗ ಹಿಂತಿರುಗಿ ನೋಡುವ ಕಣ್ಣಿಗೆ ಎಲ್ಲವೂ ಮುನ್ಸೂಚನೆಯಂತೆ ಕಾಣುತ್ತಿದೆಯೇ ಎಂಬ ಮೂರು ಸಾಧ್ಯತೆಗಳನ್ನು ಕೊನೆಯವರೆಗೂ ಜೀವಂತವಾಗಿಡುವುದು ಸಣ್ಣ ಸಾಧನೆಯಲ್ಲ. ಈ ಕಾದಂಬರಿಗೆ 2005ರಲ್ಲಿ, ಲೇಖಕಿಯರ ಕಾದಂಬರಿಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಆರೆಂಜ್ ಪ್ರಶಸ್ತಿ ಬಂತು. ಮೊದಲ ನೂರು ಪುಟ ನಿಧಾನ ಎಂಬುದನ್ನು ಒಪ್ಪುತ್ತೇನೆ, ಆದರೆ ಆ ನಿಧಾನಕ್ಕೆ ಕೆಲಸವಿದೆ: ನೀವು ಈವಾಳನ್ನು ಇಷ್ಟಪಡದೆ ಇರುವುದಕ್ಕೆ ಕಾರಣಗಳು ಕೂಡಿಕೊಳ್ಳುವುದು ಆ ಪುಟಗಳಲ್ಲಿಯೇ, ಆಮೇಲೆ ಆ ಕಾರಣಗಳೇ ನಿಮ್ಮ ತೀರ್ಪನ್ನು ಕಲಕುತ್ತವೆ.

‘ದಿ ಪುಶ್’ ಚಿಕ್ಕ ಚಿಕ್ಕ ಅಧ್ಯಾಯಗಳ, ಓಟದ ಪುಸ್ತಕ. ಹೇಳುವವಳು ಬ್ಲೈತ್, ಮಾಜಿ ಗಂಡನ ಹೊಸ ಸಂಸಾರವನ್ನು ಹೊರಗೆ ಕಾರಿನಲ್ಲಿ ಕುಳಿತು ಕಿಟಕಿಯ ಮೂಲಕ ನೋಡುತ್ತಿರುವವಳು, ತನ್ನ ಕಡೆಯ ಕಥೆಯನ್ನು ಕಾಗದದ ಮೇಲೆ ಇಳಿಸಿ ತಂದವಳು. ಇದರ ಹೆಚ್ಚುಗಾರಿಕೆ ಇರುವುದು ಅವಳ ತಾಯಿ ಮತ್ತು ಅಜ್ಜಿಯ ಕಥೆಗಳನ್ನು ನಡುನಡುವೆ ಹೆಣೆದಿರುವುದರಲ್ಲಿ. ಪ್ರೀತಿ ಸಿಗದೆ ಬೆಳೆದ ಹೆಣ್ಣು ತನ್ನ ಮಗಳನ್ನು ಸಂಶಯದಿಂದ ನೋಡಿದರೆ ಅದು ಅಂತಃಪ್ರೇರಣೆಯೋ, ಮೂರು ತಲೆಮಾರಿನಿಂದ ಬಂದ ಗಾಯವೋ? ಶ್ರೈವರ್ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಆಡ್ರೇನ್ ಅವಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಹೊಸದಾಗಿ ತಾಯಿಯಾದವರು, ಹೆರಿಗೆಯ ನಂತರದ ಖಿನ್ನತೆಯನ್ನು ಕಂಡವರು ಎರಡನ್ನೂ ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು. ಮಗುವಿಗೆ ಆಗುವ ಹಾನಿಯ ಪುಟಗಳು ಎರಡರಲ್ಲೂ ಕಠೋರವಾಗಿವೆ. ಉಳಿದವರು ಒಂದನ್ನೇ ಓದುವುದಾದರೆ ಶ್ರೈವರ್‌ಳನ್ನು ಓದಲಿ ಎನ್ನುತ್ತೇನೆ. ಸಮಯ ಕಡಿಮೆ, ಉದ್ದ ವಾಕ್ಯಗಳು ಹಿಡಿಸುವುದಿಲ್ಲ ಎನ್ನುವವರಿಗೆ ಆಡ್ರೇನ್ ಸಾಕು.

ತಂದೆಯ ಕಡೆಯಿಂದ ಇದೇ ಸಂಕಟವನ್ನು ಹೇಳುವ ಎರಡು ಪುಸ್ತಕಗಳಿವೆ. ವಿಲಿಯಂ ಲ್ಯಾಂಡೆಯ ‘ಡಿಫೆಂಡಿಂಗ್ ಜೇಕಬ್’ (2012) ಕಾದಂಬರಿಯಲ್ಲಿ ಸರ್ಕಾರಿ ವಕೀಲನೊಬ್ಬನ ಹದಿನಾಲ್ಕು ವರ್ಷದ ಮಗನ ಮೇಲೆ ಸಹಪಾಠಿಯನ್ನು ಕೊಂದ ಆರೋಪ ಬರುತ್ತದೆ. ಲೇಖಕ ಸ್ವತಃ ಸರ್ಕಾರಿ ವಕೀಲನಾಗಿದ್ದವನು. ವಿಚಾರಣೆಯ ವಿವರಗಳಲ್ಲಿ ಆ ಅನುಭವದ ಗಟ್ಟಿತನವಿದೆ. ಬೇರೆಯವರ ಮಕ್ಕಳ ವಿರುದ್ಧ ಸಾಕ್ಷ್ಯ ಜೋಡಿಸುತ್ತಾ ಬಂದ ವ್ಯಕ್ತಿ ಮಗನ ಕೋಣೆಯಲ್ಲಿ ಚಾಕು ಕಂಡಾಗ ಏನು ಮಾಡುತ್ತಾನೆ ಎಂಬುದನ್ನು ನೋಡಬೇಕು. ನಡುನಡುವೆ ಬರುವ ಪ್ರಶ್ನೋತ್ತರದ ನಡವಳಿಗಳು ಯಾವ ಪ್ರಕರಣದವು ಎಂಬುದನ್ನು ಓದುಗರು ತಾವಾಗಿ ಊಹಿಸಿಕೊಳ್ಳುತ್ತಾರೆ. ಆ ಊಹೆಯ ಬಗ್ಗೆ ಎಚ್ಚರವಿರಲಿ. ಡಚ್ ಲೇಖಕ ಹರ್ಮನ್ ಕೋಖ್‌ನ ‘ದಿ ಡಿನ್ನರ್’ (2009) ಕೋರ್ಟಿನ ಬಾಗಿಲನ್ನೇ ಮುಟ್ಟುವುದಿಲ್ಲ. ಇಬ್ಬರು ಅಣ್ಣತಮ್ಮಂದಿರು ಹೆಂಡತಿಯರೊಡನೆ ದುಬಾರಿ ರೆಸ್ಟೋರೆಂಟಿಗೆ ಊಟಕ್ಕೆ ಬಂದಿದ್ದಾರೆ, ಅವರ ಮಕ್ಕಳು ಸೇರಿ ಮಾಡಿದ ಘೋರ ಕೃತ್ಯದ ಬಗ್ಗೆ ತೀರ್ಮಾನಿಸಬೇಕಾಗಿದೆ. ಊಟದ ಒಂದೊಂದು ಹಂತವೇ ಕಾದಂಬರಿಯ ಒಂದೊಂದು ಭಾಗ. ಮ್ಯಾನೇಜರ್ ಬಂದು ತಟ್ಟೆಯಲ್ಲಿರುವುದನ್ನು ಕಿರುಬೆರಳಿನಿಂದ ತೋರಿಸಿ ವರ್ಣಿಸುವಾಗ ನಿರೂಪಕನಿಗೆ ಆಗುವ ಕಿರಿಕಿರಿಯನ್ನು ಆರಂಭದಲ್ಲಿ ನಾವೂ ಹಂಚಿಕೊಳ್ಳುತ್ತೇವೆ. ಇವನು ನಮ್ಮವನೇ ಎನ್ನಿಸುತ್ತದೆ. ಹಾಗೆ ಅನ್ನಿಸಿದ್ದರ ಬೆಲೆಯನ್ನು ಮುಂದೆ ತೆರಬೇಕಾಗುತ್ತದೆ.

ಓದುಗರ ಬಳಗವೊಂದು ಒಟ್ಟಿಗೆ ಓದಲು ಪುಸ್ತಕ ಹುಡುಕುತ್ತಿದ್ದರೆ ‘ದಿ ಡಿನ್ನರ್’ಗಿಂತ ಒಳ್ಳೆಯ ಆಯ್ಕೆ ನನಗೆ ತೋಚುವುದಿಲ್ಲ, ಏಕೆಂದರೆ ಮಕ್ಕಳನ್ನು ಕಾಪಾಡುವುದು ಎಲ್ಲಿಗೆ ನಿಲ್ಲಬೇಕು ಎಂಬುದರ ಬಗ್ಗೆ ಇಬ್ಬರು ಓದುಗರೂ ಒಪ್ಪುವುದಿಲ್ಲ. ಕಾನೂನಿನ ಪ್ರಕ್ರಿಯೆಯಲ್ಲಿ ಆಸಕ್ತಿ ಇರುವ, ಕಥೆ ಒಂದು ಕಡೆ ಮುಟ್ಟಿ ನಿಲ್ಲಬೇಕೆನ್ನುವ ಒಬ್ಬಂಟಿ ಓದುಗರಿಗೆ ‘ಡಿಫೆಂಡಿಂಗ್ ಜೇಕಬ್’ ಹೆಚ್ಚು ತೃಪ್ತಿ ಕೊಡುತ್ತದೆ.

ಸದ್ದಿಲ್ಲದ ಕಾದಂಬರಿಗಳು

ಹಳೆಯ ಲೇಖಕಿಯರಲ್ಲಿ ಎಲಿಜಬೆತ್ ಸ್ಯಾಂಕ್ಸೇ ಹೋಲ್ಡಿಂಗ್‌ಳ ‘ದಿ ಬ್ಲ್ಯಾಂಕ್ ವಾಲ್’ (1947) ನನಗೆ ಅತಿ ಪ್ರಿಯವಾದದ್ದು. ಗಂಡ ಎರಡನೆಯ ಮಹಾಯುದ್ಧದಲ್ಲಿ ಸಮುದ್ರದಾಚೆ ಇದ್ದಾನೆ. ಗೃಹಿಣಿ ಲೂಸಿಯಾ ಅವನಿಗೆ ಪ್ರತಿ ರಾತ್ರಿ ಪತ್ರ ಬರೆಯುತ್ತಾಳೆ. ಮಗಳ ಹೆಸರು ಕೆಡದಿರಲೆಂದು ಅವಳು ಒಂದು ಹೆಣವನ್ನು ದೋಣಿಯಲ್ಲಿ ಸಾಗಿಸುತ್ತಾಳೆ, ಬ್ಲ್ಯಾಕ್‌ಮೇಲ್ ಮಾಡಲು ಬಂದವರನ್ನು ಎದುರಿಸುತ್ತಾಳೆ, ಅದರ ನಡುವೆಯೇ ಊಟದ ಹೊತ್ತಿಗೆ ಮನೆಯಲ್ಲಿರಬೇಕು, ರೇಷನ್ ಸಾಮಾನಿನ ಲೆಕ್ಕ ನೋಡಬೇಕು. ಪತ್ರದಲ್ಲಿ ಮಾತ್ರ ಎಲ್ಲರೂ ಕ್ಷೇಮ. ಮೇಲಿನ ಪುಸ್ತಕಗಳಲ್ಲಿ ಗಂಡನಿಗೆ ಬರೆಯುವ ಹೆಂಗಸರು ಎಲ್ಲವನ್ನೂ ಹೇಳಿಬಿಡುತ್ತಾರೆ. ಇಲ್ಲಿ ಬರೆಯುವವಳು ಏನನ್ನೂ ಹೇಳಲಾರಳು, ಮತ್ತು ಸಸ್ಪೆನ್ಸ್ ಇರುವುದೂ ಆ ಹೇಳದಿರುವಿಕೆಯಲ್ಲಿಯೇ. ಸೀಲಿಯಾ ಫ್ರೆಮ್ಲಿನ್‌ಳ ‘ದಿ ಅವರ್ಸ್ ಬಿಫೋರ್ ಡಾನ್’ (1958) ಇದರ ಜೊತೆಗೆ ಓದಬೇಕಾದದ್ದು. ರಾತ್ರಿಯಿಡೀ ಅಳುವ ಕೂಸಿನಿಂದ ನಿದ್ದೆಯಿಲ್ಲದೆ ಬಳಲಿದ ತಾಯಿಗೆ, ಮನೆಯ ಕೋಣೆಗೆ ಬಾಡಿಗೆಗೆ ಬಂದ ಶಿಕ್ಷಕಿಯ ಮೇಲೆ ಸಂಶಯ. ಆಯಾಸವೇ ಹೀಗೆ ಯೋಚಿಸುವಂತೆ ಮಾಡುತ್ತಿದೆಯೆಂದು ಉಳಿದವರೂ ಹೇಳುತ್ತಾರೆ, ಅವಳೂ ಅರ್ಧ ನಂಬುತ್ತಾಳೆ. 1960ರಲ್ಲಿ, ರಹಸ್ಯ ಕಥೆಗಳಿಗೆ ಅಮೆರಿಕದಲ್ಲಿ ಕೊಡುವ ಎಡ್ಗರ್ ಪ್ರಶಸ್ತಿ ಪಡೆದ ಈ ಕಾದಂಬರಿ ಚಿಕ್ಕದು, ಎಲ್ಲೂ ಜಾಳಾಗಿಲ್ಲ. ಈ ಪ್ರಕಾರಕ್ಕೆ ಪೂರ್ತಿ ಹೊಸಬರಾದವರು ಇವೆರಡರಲ್ಲಿ ಒಂದರಿಂದ ಆರಂಭಿಸಲಿ: ಹಿಂಸೆಯ ಪುಟಗಳು ಕಡಿಮೆ, ಕುತೂಹಲ ಎಲ್ಲೂ ಕಡಿಮೆಯಿಲ್ಲ.

ಶರ್ಲಿ ಜಾಕ್ಸನ್‌ಳ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’ (1962) ಮತ್ತು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕಾದಂಬರಿಗಳನ್ನು ಒಟ್ಟಿಗೆ ಇಡುವುದು ವಿಚಿತ್ರವೆನಿಸಬಹುದು. ಒಂದರಲ್ಲಿ, ಸಕ್ಕರೆಯಲ್ಲಿ ಬೆರೆಸಿದ ಆರ್ಸೆನಿಕ್‌ನಿಂದ ಕುಟುಂಬದ ಬಹುಪಾಲು ಜನ ಸತ್ತ ಮೇಲೆ ಉಳಿದ ಇಬ್ಬರು ಅಕ್ಕತಂಗಿಯರು ಮತ್ತು ಅವರ ಚಿಕ್ಕಪ್ಪ ಬಾಗಿಲು ಹಾಕಿಕೊಂಡು ಬದುಕುತ್ತಾರೆ. ಹದಿನೆಂಟರ ತಂಗಿ ಮೆರಿಕ್ಯಾಟ್ ಕಥೆ ಹೇಳುತ್ತಾಳೆ. ಇನ್ನೊಂದರಲ್ಲಿ, ಚಿಕ್ಕಪ್ಪನ ವ್ಯಾಪಾರದಿಂದ ದಿಢೀರ್ ಶ್ರೀಮಂತವಾದ ಕೂಡುಕುಟುಂಬದ ಮಗ ಕಥೆ ಹೇಳುತ್ತಾನೆ. ಆದರೆ ಎರಡೂ ಕಡೆ ಮನೆಯೆಂಬುದು ಹೊರಗಿನಿಂದ ಬಂದವರನ್ನು ತಡೆಯಲು ಒಗ್ಗಟ್ಟಾಗುವ ಕೋಟೆ, ಎರಡೂ ಕಡೆ ಹೇಳುವವರು ಆ ಕೋಟೆಯೊಳಗಿನವರು. ‘ಘಾಚರ್ ಘೋಚರ್’ನಲ್ಲಿ ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬಾಗಿಲಲ್ಲೇ ಬಯ್ದು ಅಟ್ಟುವ ಪ್ರಸಂಗವಿದೆ. ಚಿಕ್ಕಪ್ಪ ಒಳಗಿದ್ದೂ ಹೊರಬರುವುದಿಲ್ಲ, ನಿರೂಪಕ ನೋಡುತ್ತಾ ನಿಲ್ಲುತ್ತಾನೆ, ಅದನ್ನು ಅನ್ಯಾಯವೆಂದು ಕಾಣುವವಳು ಸೊಸೆ ಒಬ್ಬಳೇ. ಅಪರಾಧವೆಂದು ಹೆಸರಿಸಬಹುದಾದದ್ದು ಅಲ್ಲಿ ಏನೂ ನಡೆದಿಲ್ಲ, ಆದರೂ ಆ ಕ್ಷಣದಿಂದ ಸೊಸೆಯ ಬಗ್ಗೆ ನಮಗೆ ಹೆದರಿಕೆ ಶುರುವಾಗುತ್ತದೆ. ಅದನ್ನು ಸಸ್ಪೆನ್ಸ್ ಕಪಾಟಿನಲ್ಲಿ ಯಾರೂ ಇಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದರ ಜಾಗ ಅಲ್ಲಿಯೂ ಇದೆ. ಅಂತ್ಯದಲ್ಲಿ ಏನಾಯಿತೆಂದು ಬಿಡಿಸಿ ಹೇಳದ ಪುಸ್ತಕಗಳು ಮೋಸ ಮಾಡಿದವು ಎನ್ನುವವರು ಇದನ್ನು ಬಿಟ್ಟು ಜಾಕ್ಸನ್‌ಳನ್ನು ಆರಿಸಿಕೊಳ್ಳಬೇಕು, ಅಲ್ಲಿ ಸಕ್ಕರೆಗೆ ವಿಷ ಹಾಕಿದವರು ಯಾರೆಂಬುದಾದರೂ ತಿಳಿಯುತ್ತದೆ.

ಇನ್ನು ಕೊನೆಯದಾಗಿ ಓದುವ ಬಗೆ. ನಿರೂಪಕರು ಬದಲಾಗುತ್ತಾ ಹೋಗುವ ‘ಗಾನ್ ಗರ್ಲ್’, ‘ದಿ ಗರ್ಲ್ ಆನ್ ದಿ ಟ್ರೇನ್’ ಮೊದಲಾದವು ಬೇರೆಬೇರೆ ದನಿಗಳಲ್ಲಿ ಓದಿಸಿದ ಆಡಿಯೋ ಪುಸ್ತಕಗಳಾಗಿ ಚೆನ್ನಾಗಿ ಒಗ್ಗುತ್ತವೆ. ಶ್ರೈವರ್‌ಳ ಪತ್ರಗಳಿಗೆ ಮಾತ್ರ ಅಚ್ಚಿನ ಪುಟವೇ ಬೇಕು, ಏಕೆಂದರೆ ಹಿಂದಿನ ಪತ್ರದಲ್ಲಿ ಈವಾ ಅದೇ ಘಟನೆಯನ್ನು ಹೇಗೆ ಹೇಳಿದ್ದಳು ಎಂದು ತಿರುವಿ ನೋಡಬೇಕೆನಿಸುವ ಸಂದರ್ಭಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಮನೆಯೊಳಗಿನ ಹಿಂಸೆಯನ್ನು ಸ್ವತಃ ಅನುಭವಿಸಿದವರಿಗೆ ಉಡುಗೊರೆಯಾಗಿ ಕೊಡುವುದಾದರೆ, ಕೊಡುವ ಮೊದಲು ನೀವೇ ಒಮ್ಮೆ ಪೂರ್ತಿ ಓದಿ. ಬೆನ್ನುಡಿ ಈ ವಿಷಯದಲ್ಲಿ ಏನನ್ನೂ ತಿಳಿಸುವುದಿಲ್ಲ.